ಅರ್ಧ ಸಂಬಳದ ರಜೆ

ಕೆನಡಾದ ಪೋರ್ಟ್ ಕ್ರೆಡಿಟ್ಟಿನಲ್ಲಿ ನಮ್ಮ ಪಕ್ಕದ ಮನೆಯ ಮಾರ್ಗರೆಟ್ಟಳ ಅಜ್ಜ ಬ್ರಿಟಿಷರ ಕಾಲದಲ್ಲಿ ನಮ್ಮ ಮಂಗಳೂರಲ್ಲಿ ಅಧಿಕಾರಿಯಾಗಿದ್ದರಂತೆ. ಒಂದು ದಿನ ಅವರ ಸರಕಾರಿ ಪತ್ರಗಳ ಕಟ್ಟು ತಂದು, "ನಿನ್ನೂರಿನದು, ಓದು" ಎಂದಳು.

ಅರ್ಧ ಸಂಬಳದ ರಜೆಯಲ್ಲಿ ಇಂಗ್ಲೆಂಡಿಗೆ ಹೋಗಿದ್ದ ಆ ಅಜ್ಜ ದೊರೆ, ಆರು ತಿಂಗಳು ಬಾಕಿಯಿರುವಾಗಲೇ ಮಂಗಳೂರಿಗೆ ಮರಳಲು ಅನುಮತಿ ಕೇಳಿದ್ದರು. ಬೇಗ ಬಂದರೂ ರಜೆ ಮುಗಿಯುವವರೆಗೆ ಅರ್ಧ ಸಂಬಳವೇ ಎಂದು ಸರಕಾರ ಹೆದರಿಸಿತ್ತು. "ಅರ್ಧವೇ ಸಾಕು, ಹೊರಟಿದ್ದೇನೆ" ಎಂದು ಅವರ ಉತ್ತರ.

"ಸ್ವಂತ ಊರು ಬಿಟ್ಟು ಆ ಸೆಕೆಗೆ ಹೋಗಲು ಇಷ್ಟು ಅವಸರವೇ!" ಎಂದು ಮಾರ್ಗರೆಟ್ ನಕ್ಕಳು.

ನನಗೆ ನಗು ಬರಲಿಲ್ಲ. ಆ ಸಾಲನ್ನೇ ಮತ್ತೆ ಮತ್ತೆ ಓದಿದೆ.

"ನೀನು ಊರಿಗೆ ಹೋಗಿ ಎಷ್ಟು ವರ್ಷವಾಯ್ತು?" ಎಂದು ಕೇಳಿದಳು.

"ಹನ್ನೊಂದು."

"ಯಾರು ಬೇಡ ಅಂತಾರೆ?"

ಸರಕಾರವಂತೂ ಅಲ್ಲ. ನನ್ನ ಅರ್ಜಿಯನ್ನು ಪ್ರತಿ ವರ್ಷವೂ ತಿರಸ್ಕರಿಸುವುದು ಈ ಎರಡು ಮೊಣಕಾಲುಗಳು. ಅವಕ್ಕೆ ಮೇಲಧಿಕಾರಿಯೂ ಇಲ್ಲ.