ಎಮ್ಮೆಯ ಕಥೆ ಪುರಾಣವಾದ ವರ್ಷ

ನಾನು ಓದಿದ್ದು ಐಗಳ ಸಾಲೆಯಲ್ಲಿ, ಅದೂ ಮರಳ ಮೇಲೆ ಅಕ್ಷರ ತಿದ್ದುವಷ್ಟು. ಸರ್ಕಾರಿ ಸಾಲೆಯಲ್ಲಿ ಉರ್ದು ಕಲಿಸುತ್ತಿದ್ದರು. ಆ ಅಕ್ಷರಗಳು ಬಲದಿಂದ ಎಡಕ್ಕೆ ಓಡುವುದನ್ನು ನೋಡಿ ನಾನು ಮನೆಗೆ ಓಡಿ ಬಂದೆ. ಅಂಥವನು ಮುದುಕನಾದ ಮೇಲೆ ಪುಸ್ತಕ ಬರೆದೆ ಎಂದರೆ ಅದಕ್ಕೆ ನನ್ನ ಮೊಮ್ಮಗಳೇ ಕಾರಣ. ಅವಳ ಸುದ್ದಿ ಬಂದರೆ ನನ್ನ ಬಾಯಿಗೆ ಒಡ್ಡು ಇಲ್ಲ, ಓದುವವರು ತಡೆದುಕೊಳ್ಳಬೇಕು. ಅವಳಂಥ ಮೂಗು ನಿಜಾಮರ ಸೀಮೆಯಲ್ಲೇ ಇನ್ನೊಂದಿಲ್ಲ. ಆ ಮೂಗು ನನ್ನದೇ ಎಂದು ನಮ್ಮೂರು ಪಾಮನಕಲ್ಲೂರೆಲ್ಲ ಹೇಳುತ್ತದೆ. ಹೇಳದವರಿಗೆ ನಾನೇ ಹೇಳಿದ್ದೇನೆ.

ಆ ವರ್ಷ ಮಗ ಒಕ್ಕಲುತನವನ್ನೆಲ್ಲ ತಾನೇ ಹಿಡಿದ. "ಯಪ್ಪಾ, ಇನ್ನ ನೀ ಕಟ್ಟಿ ಮ್ಯಾಲ ಆರಾಮ ಕುಂದರು" ಎಂದ. ಕೂತೆ. ಎಲೆ ಅಡಿಕೆ ಹಾಕುವುದು, ದಾರಿಯ ಮೇಲೆ ಹೋಗುವವರನ್ನು ಸುಮ್ಮನೆ ಕರೆಯುವುದು, ಮಧ್ಯಾಹ್ನ ಬೇವಿನ ನೆರಳಿನ ಹಿಂದೆ ಹೊರಸು ಸರಿಸುವುದು, ಇಷ್ಟೇ ಕೆಲಸ. ಅದರ ಜೊತೆಗೆ ಮೊಮ್ಮಗಳಿಗೆ ಉಣ್ಣಿಸುವ ಕೆಲಸವೂ ಅವಳ ಮುತ್ಯಾನಾದ ನನಗೇ ಬಂತು. ಕಥೆ ಇಲ್ಲದೆ ಅವಳು ತುತ್ತಿಗೆ ಬಾಯಿ ತೆರೆಯಳು. ಹಳೆಯ ಕಥೆಗಳು ತಿಂಗಳೊಳಗೆ ಮುಗಿದವು. ಆಮೇಲೆ ಹಟ್ಟಿಯಲ್ಲಿದ್ದ ನಮ್ಮ ಎಮ್ಮೆಗೇ ರೆಕ್ಕೆ ಕಟ್ಟಿದೆ.

ಕಥೆ ಇಷ್ಟು. ಒಂದು ಎಮ್ಮೆ ಹಳ್ಳದ ನೀರು ಕುಡಿಯುವಾಗ ನೀರಲ್ಲಿದ್ದ ಚಂದ್ರನನ್ನೂ ಕುಡಿದುಬಿಡುತ್ತದೆ. ಅದಕ್ಕೆ ರೆಕ್ಕೆ ಬರುತ್ತವೆ. ಮೋಡದಾಚೆಯ ಕೋಟೆಗೆ ಹಾರುತ್ತದೆ. ಅಲ್ಲೊಬ್ಬ ದೈತ್ಯ. ಮನುಷ್ಯರನ್ನು ತಿಂದು ತಿಂದು ಅವನಿಗೆ ಎದೆಯುರಿ. ಎಮ್ಮೆ ಅವನಿಗೆ ಮಜ್ಜಿಗೆ ಕುಡಿಸುತ್ತದೆ. ಹುಟ್ಟಿದಾಗಿನಿಂದ ಮಜ್ಜಿಗೆ ಕಾಣದ ಆ ದೈತ್ಯ ಗಡಿಗೆಯೊಳಗೇ ತಲೆ ತುರುಕಿ, ಹೊರಗೆ ತೆಗೆಯಲಾರದೆ, ಗಡಿಗೆಯ ಸಮೇತ ಕೋಟೆಯೆಲ್ಲ ತಿರುಗುತ್ತಾನೆ. ಇಲ್ಲಿಗೆ ಬಂದಾಗ ಮೊಮ್ಮಗಳು ನಕ್ಕು ನಕ್ಕು ಬಾಯಲ್ಲಿದ್ದ ತುತ್ತನ್ನು ನನ್ನ ಅಂಗಿಯ ಮೇಲೆ ಉಗುಳುತ್ತಿದ್ದಳು. ಆ ಅಂಗಿಯನ್ನು ತೊಳೆಯಲು ಕೊಡಲು ನನಗೆ ಮನಸ್ಸೇ ಬರುತ್ತಿರಲಿಲ್ಲ.

ಅವಳೊಬ್ಬಳು ಇಷ್ಟು ನಗುವುದಾದರೆ ಊರು ಎಷ್ಟು ನಕ್ಕೀತು ಅನ್ನಿಸಿತು. ಬರೆಯಲು ಕೂತೆ. ಒಂದು ಒತ್ತಕ್ಷರ ಎಲ್ಲಿ ಹಚ್ಚಬೇಕೆಂದು ಯೋಚಿಸುವುದರಲ್ಲಿ ಒಂದು ನಿದ್ದೆ ಮುಗಿಯುತ್ತಿತ್ತು. ನನ್ನ ಹೆಂಡತಿ, ಮೊಮ್ಮಗಳ ಆಯಿ, ದಾಟಿ ಹೋಗುವಾಗೆಲ್ಲ ಗೋಡೆಗೆ ಹೇಳುತ್ತಿದ್ದಳು: "ಹಾರೋ ಎಮ್ಮಿ ಕಾಯಾಕ ಕುಂತಾರ ಯಜಮಾನ್ರು. ಹಟ್ಟ್ಯಾಗಿನ ಎಮ್ಮಿ ಮೇವಿಲ್ಲದ ಒದರಾಕತ್ತೈತಿ."

"ಸುಮ್ಕಿರs, ಇದು ಛಾಪಾ ಆಗೂ ಕಥಿ" ಎಂದೆ.

"ಆಗ್ಲಿ. ಅದರ ಹೆಂಡಿ ಯಾರು ಬಳೀತಾರ ಅದನ್ನೂ ಬರೀರಿ."

ಕನ್ನಡದಲ್ಲಿ ಅಚ್ಚು ಹಾಕುವ ಛಾಪಾಖಾನೆಗೆ ಗದಗಿನ ಕಡೆಗೇ ಹೋಗಬೇಕಿತ್ತು. ನನ್ನ ಬೆಳ್ಳಿ ಉಡದಾರ ಮಾರಿ ಹೋದೆ. ಮುಖಪುಟಕ್ಕೆ ಹಾರುವ ಎಮ್ಮೆಯ ಚಿತ್ರ ಬೇಕೆಂದೆ. ಅವರ ಹತ್ತಿರ ಎಮ್ಮೆಯ ಅಚ್ಚೇ ಇರಲಿಲ್ಲ. ಪುರಾಣಗಳಿಗೆ ಒತ್ತುವ ನಂದಿ ಬಸವಣ್ಣನ ಅಚ್ಚಿತ್ತು. ಮೈಮೇಲೆ ಜೂಲಿನ ಬಟ್ಟೆ, ಕೊರಳಲ್ಲಿ ಗಂಟೆ. "ಕೋಡು ಅದಾವಲ್ರೀ ಅಜ್ಜಾರ, ಬಾಲಾನೂ ಐತಿ. ಇನ್ನೇನು ಬೇಕು?" ಎಂದ ಅಚ್ಚಿನ ಮೊಳೆ ಜೋಡಿಸುವವನು. ನನಗೂ ಸರಿ ಕಂಡಿತು.

ಪುಸ್ತಕದ ಗಂಟು ತರಲು ಲಿಂಗಸುಗೂರಿನ ಬೀಗರ ಗಾಡಿ ಬಂದಿತ್ತು. ಬೀಗರು ಎಂದರೆ ನನ್ನ ಸೊಸೆಯ ತಂದೆ, ಅರಿವೆ ಅಂಗಡಿಯವರು, ಭಾರೀ ಭಕ್ತರು. ಮುಖಪುಟ ನೋಡಿದ್ದೇ ಕಾಲಿನ ಚಪ್ಪಲಿ ಬಿಟ್ಟರು. ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡು, ಕೆಂಪು ವಸ್ತ್ರದಲ್ಲಿ ಸುತ್ತಿ, "ಬೀಗರs, ಪುರಾಣ ಬರದೀರಿ! ನಮ್ಮ ವಂಶ ಉದ್ಧಾರ ಆತು" ಎಂದರು.

"ಇದು ಎಮ್ಮಿ ಕಥಿರೀ."

"ಆಹಾ. ಬರದವರು ಹಂಗs ಅನ್ನಬೇಕು."

ಸಿಂಧನೂರಿನ ಸಂತೆಯಲ್ಲಿ ಮೆಣಸಿನಕಾಯಿಯವರ ಪಕ್ಕ ಪುಸ್ತಕ ಹರಡಿ ಕೂತೆ. ಜನ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡು ಹೋದರು. ಒಬ್ಬಳು ತೆಂಗಿನಕಾಯಿ ಕೂಡ ಇಟ್ಟು ಹೋದಳು. ಮುಂದಿನ ಸಂತೆಗೆ, ಪುಸ್ತಕ ಒಯ್ದಿದ್ದ ಪಕ್ಕದ ಮೆಣಸಿನಕಾಯಿಯವನನ್ನು ಕೇಳಿದೆ: "ಹೆಂಗಿತ್ತಪಾ? ಗಡಿಗಿ ಸುದ್ದಿಗೆ ನಕ್ಕಿಯೇನು?"

"ನಗೂದೇನ್ರೀ ಯಜ್ಜಾ! ಜಗಲಿ ಮ್ಯಾಲ ಇಟ್ಟೀವಿ. ದಿನಾ ಊದಿನಕಡ್ಡಿ ಹಚ್ತೀವಿ."

"ತೆರದು ಓದಬೇಕೋ ಮಾರಾಯಾ."

"ನಮ್ಮಂಥವರು ಮುಟ್ಟಿ ತೆರದ್ರ ಶಿವಾ ಒಪ್ತಾನೇನ್ರೀ?"

ತಪ್ಪು ಅವರದಲ್ಲ. ನಮ್ಮ ಕಡೆ ಕನ್ನಡದಲ್ಲಿ ಛಾಪಾ ಆಗಿದ್ದು ಎಂದರೆ ಪಂಚಾಂಗ, ಇಲ್ಲವೇ ಪುರಾಣ. ಊರೂರ ಜಗಲಿಯ ಮೇಲೆ ನನ್ನ ಎಮ್ಮೆ ವಿಭೂತಿ ಹಚ್ಚಿಸಿಕೊಂಡು ಕೂತಿತು. ಅಷ್ಟು ಪೂಜೆ ಯಾವ ಕವಿಗೂ ಸಿಕ್ಕಿರಲಿಕ್ಕಿಲ್ಲ, ಅಷ್ಟು ಕಡಿಮೆ ಓದುಗರೂ. ನನಗೆ ಬೇಕಾಗಿದ್ದದ್ದು ಒಂದೇ. ಮೊಮ್ಮಗಳಲ್ಲದೆ ಇನ್ನೊಬ್ಬರು, ಒಬ್ಬರೇ ಒಬ್ಬರು, ಆ ದೈತ್ಯನನ್ನು ನೋಡಿ ನಗಬೇಕು.

ಶ್ರಾವಣ ಬಂತು. ನಮ್ಮ ಮಠದಲ್ಲಿ ತಿಂಗಳೆಲ್ಲ ಸಂಜೆಗೆ ಪುರಾಣ ಓದಿಸುತ್ತಾರೆ. ಈ ಸಲ ನನ್ನ ಪುಸ್ತಕವೇ ಆಗಬೇಕೆಂದು ಬೀಗರು ಹಟ ಹಿಡಿದರು. ನಾನೂ ಒಳಗೊಳಗೇ ಕುಣಿದೆ. ಅಂತೂ ಯಾರೋ ತೆರೆಯುತ್ತಾರಲ್ಲ! ಮಸ್ಕಿಯಿಂದ ಕೂಡ ಗಾಡಿ ಕಟ್ಟಿಕೊಂಡು ಬಂದರು. ಓದುವ ಐಗಳದು ಗಂಟೆಯಂಥ ದನಿ. ಒಂದು ಸಾಲು ಓದುವುದು, ಅರ್ಥ ಹೇಳುವುದು. "ಎಮ್ಮಿ ಅಂದ್ರ ಜೀವ. ರೆಕ್ಕಿ ಅಂದ್ರ ವೈರಾಗ್ಯ. ದೈತ್ಯ ಅಂದ್ರ ಅಹಂಕಾರ. ಗಡಿಗ್ಯಾಗ ತಲಿ ಸಿಕ್ಕೊಂಡಿದ್ದು ಸಂಸಾರ ನೋಡ್ರಿ, ಸಂಸಾರ!" ಜನ ಕಣ್ಣೊರೆಸಿಕೊಂಡರು. ನಾನು ದಾರಿ ತೋರಿಸೋಣವೆಂದು ಒಬ್ಬನೇ ನಕ್ಕೆ. ಪಕ್ಕದವರು ಉಬ್ಬಸವೆಂದು ತಿಳಿದು ಬೆನ್ನು ಸವರಿದರು.

ಕೊನೆಯ ದಿನ. ಎಮ್ಮೆ ಹಾರಿ ಬಂದು ತನ್ನ ಗೂಟದ ಹತ್ತಿರ ನಿಂತಿತು ಎಂದು ಬರೆದಿದ್ದೆ. ಐಗಳು ಪುಸ್ತಕ ಮುಚ್ಚಿ, "ಗೂಟ ಅಂದ್ರ ಕೈಲಾಸ. ಎಮ್ಮಿ ಶಿವನೊಳಗ ಐಕ್ಯ ಆತು" ಎಂದು ಮಂಗಲಕ್ಕೆ ಕಾಯಿ ಎತ್ತಿದರು. ಕಾಯಿ ಒಡೆದರೆ ಮುಗಿಯಿತು. ನನ್ನ ಕಥೆ ಶಾಶ್ವತವಾಗಿ ಪುರಾಣವಾಗುತ್ತದೆ. ಎದ್ದು ಹೇಳೋಣವೆಂದರೆ ಎದುರಿಗೆ ಬೀಗರು ಕೈ ಮುಗಿದು ಕಣ್ಣು ಮುಚ್ಚಿ ಕೂತಿದ್ದಾರೆ. ಕೂತಲ್ಲೇ ಕೂತೆ.

ಆಗ ಹೆಂಗಸರ ಕಡೆಯಿಂದ ನನ್ನ ಹೆಂಡತಿಯ ದನಿ ಬಂತು: "ಐಗಳs, ಕಾಯಿ ತಡೀರಿ. ಎಮ್ಮಿ ಕೈಲಾಸಕ್ಕ ಹೋದ್ರ ಸಂಜಿಗೆ ಹಿಂಡೋರು ಯಾರ್ರೀ?"

ಐಗಳು ಎತ್ತಿದ ಕಾಯಿಯನ್ನು ಹಾಗೇ ಹಿಡಿದು ಅತ್ತ ತಿರುಗಿದರು.

"ಹಟ್ಟ್ಯಾಗ ಕರ ಬಿಟ್ಟು ಹೋಗೈತ್ರೀ ಅದು. ಕೆಚ್ಚಲು ತುಂಬಿದ ಎಮ್ಮಿಗೆ ಶಿವಾ ಬೇಕಾಗ್ತಾನೇನು? ಬಾಯಿ ತಗದು ಒದರಿಕೋತ ಮನಿಗೆ ಬಂತು. ಹಿಂದs ದೈತ್ಯ ಬಂದ, ಗಡಿಗಿ ಇನ್ನೂ ತಲಿ ಮ್ಯಾಲs ಐತಿ, ಕಣ್ಣು ಕಾಣವಲ್ದು. ಕರ ಅದನ್ನ ಅವ್ವನ ಕೆಚ್ಚಲಂತ ತಿಳದು ಗಡಿಗೀನs ನೆಕ್ಕಾಕತ್ತಿತು!"

ಮೊದಲು ನಕ್ಕವರು ಐಗಳು. ಅವರ ಮನೆಯಲ್ಲೂ ಎಮ್ಮೆ ಇತ್ತು. ಕಾಯಿ ಕೈಯಿಂದ ಜಾರಿ ಉರುಳಿ ಹೋಯಿತು. ಆಮೇಲೆ ಮಠವೆಲ್ಲ ನಕ್ಕಿತು, ಮಸ್ಕಿಯವರು ನಕ್ಕರು, ಬೀಗರು ಕಣ್ಣು ತೆರೆದು, ಯಾಕೆಂದು ತಿಳಿಯದೆಯೇ ನಕ್ಕರು. ನನಗಂತೂ ಕಣ್ಣಲ್ಲಿ ನೀರು.

ಕರ ನನ್ನ ಪುಸ್ತಕದಲ್ಲಿ ಇರಲೇ ಇಲ್ಲ. ಎಮ್ಮೆಗೆ ರೆಕ್ಕೆ ಕಟ್ಟುವ ಭರದಲ್ಲಿ ಕರ ಕಟ್ಟುವುದನ್ನು ಮರೆತಿದ್ದೆ. ಜನ ಬಿಡಲಿಲ್ಲ, ಮೊದಲಿನಿಂದ ಹೇಳು ಎಂದರು. ಅಕ್ಷರ ಬಾರದ ಅವಳು ಸೆರಗು ಸರಿಮಾಡಿಕೊಂಡು ಹಳ್ಳ, ಚಂದ್ರ, ಕೋಟೆ ಎಲ್ಲವನ್ನೂ ಹೇಳಿದಳು. ರೊಟ್ಟಿ ಬಡಿಯುತ್ತ ವರ್ಷವಿಡೀ ಕೇಳಿಸಿಕೊಂಡಿದ್ದಳು ಎಂದು ನನಗೆ ಗೊತ್ತಾದದ್ದು ಆಗಲೇ. ದೈತ್ಯನಿಗೆ ಒಬ್ಬ ಅತ್ತೆಯನ್ನೂ ಸೇರಿಸಿದಳು. ಆ ಅತ್ತೆ ಬಾಗಿಲಿಗೆ ಬಂದು ನಿಂತಲ್ಲಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. ತಡೆಯಲಾಗದೆ ನಾನು ಕೂಗಿದೆ: "ಆಮ್ಯಾಲ? ಆಕಿ ಏನಂದ್ಲು?"

"ಬರದವರು ನೀವು. ನನ್ನ ಕೇಳ್ತೀರೇನು?"

ಜನ ಮತ್ತೆ ಘೊಳ್ಳೆಂದರು. ತೊಡೆಯ ಮೇಲಿದ್ದ ಮೊಮ್ಮಗಳು ಬೆಲ್ಲದ ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಸುಮ್ಕಿರೋ ಮುತ್ಯಾ. ಆಯಿ ಹೇಳಾಕತ್ತಾಳ."