ಶೈಲಶ್ರೀ ಟೀಚರ್ ಮನೆಯ ಒಂಬತ್ತನೇ ನಿಯಮ

ರಾಯಚೂರಿನ ಆಶಾಪುರ ರಸ್ತೆಯ ಕಡೆ ಯಾರನ್ನಾದರೂ ನಿಲ್ಲಿಸಿ, "ಮಕ್ಕಳನ್ನ ಇಟ್ಕೊಳ್ಳೋ ಟೀಚರ್ ಮನಿ ಎಲ್ಲದರೀ?" ಎಂದು ಕೇಳಿದರೆ ಕೈ ಮಾಡಿ ತೋರಿಸುತ್ತಾರೆ. ಮುಂದೆ ತಗಡಿನ ಕೋಣೆಯೊಂದನ್ನು ಎಳೆದುಕೊಂಡ ಮನೆ. ಗೇಟಿನ ಒಳಗೆ ಗೇಣುದ್ದದ ಚಪ್ಪಲಿಗಳ ರಾಶಿ.

ಶೈಲಶ್ರೀ ಈಗ ಟೀಚರ್ ಅಲ್ಲ. ಕವಿತಾಳದಿಂದ ಲಗ್ನವಾಗಿ ಬಂದ ಮೇಲೆ ನಾಲ್ಕು ವರ್ಷ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳಿದ್ದಳು. ಮಗ ಹುಟ್ಟಿದಾಗ ಆರು ತಿಂಗಳ ರಜೆ ಕೇಳಿದಳು. ಶಾಲೆಯವರು ಕಾಯಂ ರಜೆಯನ್ನೇ ಕೊಟ್ಟರು. ಗಂಡ ಕೊಟ್ರೇಶ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಭತ್ತ ಬರುವ ತಿಂಗಳುಗಳಲ್ಲಿ ಊಟಕ್ಕೂ ಪುರುಸೊತ್ತಿಲ್ಲ, ಉಳಿದ ಐದು ತಿಂಗಳು ಗಿರಣಿಯ ಬಾಗಿಲೇ ತೆರೆಯುವುದಿಲ್ಲ. ಆ ಐದು ತಿಂಗಳನ್ನು ದಾಟಿಸಲೆಂದು ಅವಳು ಶಾಲೆಗೆ ಮುಂಚೆ ಎರಡು ತಾಸು, ಶಾಲೆ ಬಿಟ್ಟ ಮೇಲೆ ಸಂಜೆ ಆರರವರೆಗೆ ಮಕ್ಕಳನ್ನು ನೋಡಿಕೊಳ್ಳಲು ಶುರುಮಾಡಿದಳು.

ಫೀಸು ಎಷ್ಟು ಇಡಬೇಕು ಎಂದು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಸಾವಿರ ಅಂದರೆ ಜನ ಹೆದರುತ್ತಾರೆ, ಆರುನೂರು ಅಂದರೆ ಹಾಲು-ಬಿಸ್ಕಿಟಿಗೇ ಹೋಗುತ್ತದೆ. ಕೊನೆಗೆ ಒಂಬೈನೂರು ಎಂದು ಬರೆದು ಗೋಡೆಗೆ ಹಚ್ಚಿದ ದಿನ ಪಕ್ಕದ ಮನೆಯ ಬಡೇಬೀ ಕಣ್ಣು ಕಿರಿದು ಮಾಡಿ ಓದಿಸಿಕೊಂಡಳು.

"ಏನವ್ವಾ, ಮಕ್ಕಳನ್ನ ಕೂಡಿಸಿಕೊಂಡಿದ್ದಕ್ಕೂ ರೊಕ್ಕಾ? ನಾ ಎಂಟು ಹಡದು ಬೆಳಸೀನಿ, ಒಬ್ಬರೂ ಎಂಟಾಣೆ ಕೊಡ್ಲಿಲ್ಲ!"

"ನೀವು ಗ್ವಾಡಿಗೆ ಚೀಟಿ ಹಚ್ಚಲಿಲ್ಲ ಬಡೇಬೀ, ಅದಕ್ಕ."

ಚೀಟಿ ವರ್ಷವರ್ಷಕ್ಕೆ ಉದ್ದವಾಯಿತು. ಫೀಸು ಐದನೇ ತಾರೀಖಿನೊಳಗೆ. ಆರರ ಮೇಲೆ ಅರ್ಧ ತಾಸಿಗೆ ಮೂವತ್ತು ರೂಪಾಯಿ. ಜ್ವರವಿದ್ದರೆ ಕರೆತರಬಾರದು. ಹೆಸರು ಬರೆಸಿದವರ ಕೈಗಷ್ಟೇ ಮಗು. ಒಂದೊಂದು ನಿಯಮದ ಹಿಂದೆ ಒಂದೊಂದು ಜಗಳ, ಒಂದೊಂದು ಹೆದರಿಕೆ. ಎಂಟು ನಿಯಮಗಳಾದವು. ಎಲ್ಲ ತಾಯಂದಿರೂ ಓದಿ ಸಹಿ ಹಾಕಬೇಕಿತ್ತು.

ಒಂಬತ್ತನೆಯದು ಬಂದದ್ದು ಕಳೆದ ನವೆಂಬರಿನಲ್ಲಿ.

ಆಗ ಮನೆಯಲ್ಲಿ ಒಂಬತ್ತು ಮಕ್ಕಳು. ಅವರಲ್ಲಿ ಮೂವರು ವಿಜಯಲಕ್ಷ್ಮಿಯವರ ಮಕ್ಕಳು. ಆಕೆ ಮಾನ್ವಿಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿ, ದಿನಾ ಬಾಡಿಗೆ ಗಾಡಿಯಲ್ಲಿ ಹೋಗಿ ಬರುವವರು. ಅದೇ ಗಾಡಿಯಲ್ಲಿ ಓಡಾಡುವ ಇತರ ಶಿಕ್ಷಕಿಯರ ನಾಲ್ಕು ಮಕ್ಕಳನ್ನೂ ತಂದು ಸೇರಿಸಿದವರು ಅವರೇ. ಎಂಟನೆಯವನು ಓಣಿಯ ಹುಡುಗ. ಒಂಬತ್ತನೆಯವಳು ಭೂಮಿಕಾ. ಏಳು ವರ್ಷ, ಎರಡನೇ ತರಗತಿ. ಅವಳ ತಾಯಿ ಹುಲಿಗೆಮ್ಮ ರಾಯಚೂರು–ದೇವದುರ್ಗ ಬಸ್ಸಿನ ಕಂಡಕ್ಟರ್. ಅರಕೇರಾದ ದಲಿತ ಕೇರಿಯಿಂದ ಬಂದು, ಮಗಳು ಪಟ್ಟಣದಲ್ಲೇ ಕಲಿಯಲೆಂದು ಬಾಡಿಗೆ ಕೋಣೆ ಹಿಡಿದವಳು. ಫೀಸನ್ನು ಒಮ್ಮೆಯೂ ಐದನೇ ತಾರೀಖು ದಾಟಿಸಿದವಳಲ್ಲ.

ಒಂದು ಸಂಜೆ ವಿಜಯಲಕ್ಷ್ಮಿ ಬಾಗಿಲಲ್ಲಿ ನಿಂತಿರುವಾಗ ಭೂಮಿಕಾ ಮೂಲೆಯಲ್ಲಿದ್ದ ಕುಡಿಯುವ ನೀರಿನ ಮಣ್ಣಿನ ಹರವಿಯಲ್ಲಿ ಲೋಟ ಅದ್ದಿ ನೀರು ಕುಡಿದಳು. ವಿಜಯಲಕ್ಷ್ಮಿ ಅದನ್ನು ನೋಡಿದರು. ಮರುದಿನ ಶೈಲಶ್ರೀಯನ್ನು ಗೇಟಿನ ಹತ್ತಿರ ಕರೆದು ದನಿ ತಗ್ಗಿಸಿದರು.

"ತಪ್ಪು ತಿಳಕೋಬ್ಯಾಡ್ರಿ ಟೀಚರ್. ನನಗೇನಿಲ್ಲ. ನಾ ದಿನಾ ಎಲ್ಲಾ ಮಕ್ಕಳಿಗೂ ಪಾಠ ಹೇಳಾಕಿ. ಆದ್ರ ನಮ್ಮತ್ತಿ ಅದಾರ. ನಮ್ಮ ಚನ್ನವೀರ ಮನಿಗೆ ಬಂದು ಒದರಿದ್ರ ಮುಗೀತು, ನಾಳಿಂದ ಕಳಿಸಬ್ಯಾಡ ಅಂತಾರ. ನಾ ಬಿಡಿಸಿದ್ರ ನಮ್ಮ ಗಾಡಿಯವರೂ ಬಿಡಿಸ್ತಾರ."

"ನಾ ಏನ್ ಮಾಡ್ಲಿರೀ?"

"ಒಂದು ನಿಯಮ ಮಾಡಿಬಿಡ್ರಿ. ಎಲ್ಲಾರಿಗೂ ಅಂತ ಬರದ್ರ ಯಾರಿಗೂ ನೋವಾಗಂಗಿಲ್ಲ."

ಒಂಬತ್ತರಲ್ಲಿ ಏಳು ಹೋದರೆ ಉಳಿಯುವುದು ಎರಡು. ಶೈಲಶ್ರೀ ಅಂದೇ ಬರೆದಳು: "ಪ್ರತಿ ಮಗುವೂ ತನ್ನದೇ ನೀರಿನ ಬಾಟಲಿ ತರತಕ್ಕದ್ದು. ಮಕ್ಕಳು ಮನೆಯ ಕುಡಿಯುವ ನೀರನ್ನು ಮುಟ್ಟಬಾರದು." ಕೆಳಗೆ, ಕೈ ಸ್ವಲ್ಪ ತಡೆದರೂ, "ಸ್ವಚ್ಛತೆಯ ದೃಷ್ಟಿಯಿಂದ" ಎಂದು ಸೇರಿಸಿದಳು.

ಹುಲಿಗೆಮ್ಮ ಹೆಗಲ ಮೇಲಿನ ಟಿಕೆಟ್ ಮಷೀನ್ ಕೂಡ ಇಳಿಸದೆ ನಿಂತೇ ಓದಿದಳು. ಒಂಬತ್ತನೆಯದನ್ನು ಎರಡು ಸಲ ಓದಿದಳು. ಹರವಿಯ ಕಡೆ ಒಮ್ಮೆ ನೋಡಿದಳು. ಸಹಿ ಹಾಕಿದಳು.

"ದೊಡ್ಡ ಬಾಟ್ಲಿನ ಕೊಟ್ಟು ಕಳಸ್ತೀನ್ರೀ ಟೀಚರ್."

ಚಳಿಗಾಲ. ಮಕ್ಕಳು ನಾಲ್ಕಕ್ಕೆ ಬಂದು ಆರಕ್ಕೆ ಹೋಗುವರು. ಯಾರಿಗೂ ಅಂಥ ಬಾಯಾರಿಕೆಯಿಲ್ಲ. ಹದಿನೈದು ದಿನ ಎಲ್ಲರೂ ನಿಯಮ ಪಾಲಿಸಿದರು. ಆಮೇಲೆ ಚನ್ನವೀರ ಹರವಿಗೆ ಕೈ ಹಾಕಿದ, ಅವನ ತಂಗಿಯರು ಹಾಕಿದರು, ಉಳಿದವರೂ ಹಾಕಿದರು. ಶೈಲಶ್ರೀ ಗದರಲಿಲ್ಲ. ನಿಯಮ ಉಳಿದದ್ದು ಒಬ್ಬಳಿಗೆ. ಭೂಮಿಕಾ ಕೇಳಿದರೆ ಶೈಲಶ್ರೀ ತಾನೇ ಮೇಲಿನಿಂದ ಬಾಟಲಿಗೆ ನೀರು ಹಾಕುತ್ತಿದ್ದಳು. ಹಾಗೆ ಹಾಕುವಾಗ ಚನ್ನವೀರ ಒಮ್ಮೆ, "ಮುಟ್ಟಬ್ಯಾಡಲೇ ಹರವಿ, ನಿಂದು ಬಾಟ್ಲಿ ಅದ" ಎಂದು ನಕ್ಕ. ಅವನಿಗೆ ಒಂಬತ್ತು ವರ್ಷ. ಆಮೇಲೆ ಭೂಮಿಕಾ ಕೇಳುವುದನ್ನೇ ಬಿಟ್ಟಳು. ತಂದ ನೀರು ಸಾಲುತ್ತಿರಬೇಕು ಎಂದು ಶೈಲಶ್ರೀ ಅಂದುಕೊಂಡಳು.

ಮಾರ್ಚಿನಲ್ಲಿ ಬಿಸಿಲಿಗಾಗಿ ಮುಂಜಾನೆಯ ಶಾಲೆ ಆಯಿತು. ಹನ್ನೆರಡೂವರೆಗೇ ಮಕ್ಕಳು ಬಂದು ಆರರವರೆಗೆ, ಐದೂವರೆ ತಾಸು. ಎರಡು ದಿನ ಕೂತು ಲೆಕ್ಕ ಹಾಕಿ ಶೈಲಶ್ರೀ ಚೀಟಿಯನ್ನು ಮತ್ತೆ ಬರೆದಳು. ಹೆಚ್ಚಿನ ತಾಸುಗಳಿಗೆ ನಾನೂರು ರೂಪಾಯಿ. ಮಧ್ಯಾಹ್ನದ ಊಟದ ಡಬ್ಬಿ ಮನೆಯಿಂದಲೇ. ಎರಡರಿಂದ ನಾಲ್ಕು ಕಡ್ಡಾಯ ನಿದ್ದೆ, ಯಾರೂ ಎದ್ದು ಓಡಾಡಬಾರದು. ಏನೆಲ್ಲ ಯೋಚಿಸಿದ್ದಳು. ಮುಂಜಾನೆ ಏಳಕ್ಕೆ ತುಂಬಿಸಿದ ಬಾಟಲಿಯೊಂದು ರಾಯಚೂರಿನ ಬಿಸಿಲಲ್ಲಿ ಸಂಜೆ ಆರರವರೆಗೆ ಹೇಗೆ ಬಂದೀತು ಎಂಬುದೊಂದನ್ನು ಬಿಟ್ಟು.

ಮಾರ್ಚಿನ ಕೊನೆಯ ಗುರುವಾರ ಹನ್ನೊಂದಕ್ಕೇ ಕರೆಂಟು ಹೋಗಿತ್ತು. ಮಕ್ಕಳನ್ನು ಶಾಲೆಯಿಂದ ಕರೆತರುವ ಆಟೋದ ಸಲಾವುದ್ದೀನ್ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಹೇಳಿದ:

"ಟೀಚರ್, ಇವತ್ತು ಶಾಲಿ ನಳದಾಗ ನೀರಿಲ್ಲಂತ. ಹುಡುಗರು ಬಾಯಿ ಬಿಡಾಕತ್ತಾವ ನೋಡ್ರಿ."

ಎಂಟು ಮಕ್ಕಳು ಹರವಿಯ ಮೇಲೆ ಬಿದ್ದರು. ಭೂಮಿಕಾ ಗೋಡೆಗೆ ಒರಗಿ ಕೂತಳು.

"ಭೂಮಿಕಾ, ನೀರು ಕುಡದಿ?"

ಹುಡುಗಿ ತನ್ನ ಸ್ಟೀಲ್ ಬಾಟಲಿಯ ಮುಚ್ಚಳ ತೆಗೆದು, ಎತ್ತಿ, ಬಾಯಿಗೆ ಬಗ್ಗಿಸಿದಳು. ಗಂಟಲು ಆಡಿತು. "ಕುಡದೆ ಟೀಚರ್."

ಊಟಕ್ಕೆ ಕೂತಾಗ ಇನ್ನೊಮ್ಮೆ ಹಾಗೆಯೇ ಎತ್ತಿ ಬಗ್ಗಿಸಿದಳು. ಮಲಗುವ ಮುಂಚೆ ಮತ್ತೊಮ್ಮೆ. ಮೂರು ಸಲವೂ ಶೈಲಶ್ರೀ ನೋಡಿದಳು. ಡಬ್ಬಿಯ ರೊಟ್ಟಿಯನ್ನು ಹುಡುಗಿ ಹಾಗೇ ಉಳಿಸಿದ್ದನ್ನೂ ನೋಡಿದಳು. ಸೆಖೆಗೆ ಸೇರಲಿಲ್ಲವೇನೋ ಎಂದುಕೊಂಡಳು.

ಫ್ಯಾನಿಲ್ಲದ ತಗಡಿನ ಕೋಣೆಯಲ್ಲಿ ಎರಡು ತಾಸು. ನಾಲ್ಕಕ್ಕೆ ಮಕ್ಕಳು ಎದ್ದರು. ಚನ್ನವೀರ ಒಳಗೆ ಓಡಿ ಬಂದ.

"ಟೀಚರ್, ಭೂಮಿಕಾ ಹೆಂಗೋ ಮಾಡಾಕತ್ತಾಳ್ರಿ."

ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಮೈ ಕಾದ ಹಂಚು, ಒಂದು ಹನಿ ಬೆವರಿಲ್ಲ. ಕೈಕಾಲು ಸೆಟೆದುಕೊಂಡು ಅದುರುತ್ತಿದ್ದವು. ಬಡೇಬೀ ಉಳಿದ ಮಕ್ಕಳನ್ನು ತನ್ನ ಮನೆಗೆ ಎಳೆದುಕೊಂಡಳು, ಫೋನ್ ಮಾಡಿದೊಡನೆ ಬಂದ ಸಲಾವುದ್ದೀನ್ ಹಾರ್ನ್ ಒತ್ತಿಕೊಂಡೇ ಆಟೋ ಓಡಿಸಿದ. ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ಗಾಡಿಗಳ ನಡುವೆ ಸಿಕ್ಕಿಬಿದ್ದಾಗ, ಮುಖಕ್ಕೆ ನೀರು ಚಿಮುಕಿಸೋಣವೆಂದು ಶೈಲಶ್ರೀ ಹುಡುಗಿಯ ಚೀಲದಿಂದ ಬಾಟಲಿ ತೆಗೆದು ಅಂಗೈಗೆ ಬೋರಲು ಹಾಕಿದಳು. ಏನೂ ಬರಲಿಲ್ಲ. ಬೆರಳು ಹಾಕಿ ನೋಡಿದಳು. ಒಳಗೆ ಒಣಗಿತ್ತು.

ಮುಂದಿನ ಹನ್ನೊಂದು ದಿನ ದವಾಖಾನೆ. ಝಳ ಬಡಿದಿದೆ, ನೀರಿಲ್ಲದೆ ರಕ್ತ ದಪ್ಪವಾಗಿದೆ, ತಲೆಗೆ ಏರಿದೆ ಎಂದರು ಡಾಕ್ಟರು. ಹುಡುಗಿ ಬದುಕಿದಳು. ಆದರೆ ಎಡಗೈ ಎತ್ತಿದರೆ ಅರ್ಧಕ್ಕೇ ಇಳಿಯುತ್ತಿತ್ತು, ಮಾತು ತಡೆದು ತಡೆದು ಬರುತ್ತಿತ್ತು. ಡ್ಯೂಟಿಯ ಬಟ್ಟೆಯಲ್ಲೇ ಬಂದ ಹುಲಿಗೆಮ್ಮ ಒದರಾಡಲಿಲ್ಲ, ಬೈಯಲಿಲ್ಲ. ಮಗಳ ಕಾಲ ಬಳಿ ಕೂತಳು ಅಷ್ಟೆ. ಶೈಲಶ್ರೀ ದಿನಾ ಹೋಗಿ ನಿಲ್ಲುವಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುವುದು.

ಯಾರೂ ಅವಳನ್ನು ಬೈಯಲಿಲ್ಲ. ವಿಜಯಲಕ್ಷ್ಮಿಯಂತೂ ಸಮಾಧಾನ ಹೇಳಿದರು.

"ನೀವ್ಯಾಕ ಹೆದರ್ತೀರಿ? ಕಾಗದದ ಮ್ಯಾಲೆ ಅವರ ಸಹಿ ಅದ. ನಿಯಮ ಎಲ್ಲಾರಿಗೂ ಒಂದ ಇತ್ತು."

ಸೋಮವಾರ ಅವರ ಮೂವರೂ ಮಕ್ಕಳು ಎಂದಿನಂತೆ ಬಂದರು.

ಜೂನಿನಲ್ಲಿ ಶಾಲೆ ತೆರೆಯಿತು. ಭೂಮಿಕಾ ಬರಲಿಲ್ಲ. ಹುಲಿಗೆಮ್ಮ ಶಾಲೆ ಬಿಡಿಸಿ, ಮಗುವನ್ನು ಅರಕೇರಾದ ಅಜ್ಜ ಮೂಕಪ್ಪನ ಹತ್ತಿರ ಬಿಟ್ಟಿದ್ದಾಳೆ ಎಂದು ಸಲಾವುದ್ದೀನ್ ಸುದ್ದಿ ತಂದ. ಶೈಲಶ್ರೀಗೆ ಊಟ ರುಚಿಸಲಿಲ್ಲ. ತನ್ನ ಮಗ ನೀರು ಕೇಳಿದಾಗೆಲ್ಲ ಓಡಿ ಹೋಗಿ ಕೊಡುವಳು; ಅವನು ಕುಡಿದನೋ ಇಲ್ಲವೋ ಎಂದು ಲೋಟದೊಳಗೆ ಬಗ್ಗಿ ನೋಡುವಳು. ಒಂದು ಮುಂಜಾನೆ ಮಕ್ಕಳು ಶಾಲೆಗೆ ಹೋದ ಮೇಲೆ ಬಸ್‌ಸ್ಟ್ಯಾಂಡಿಗೆ ಹೋಗಿ ಹುಲಿಗೆಮ್ಮನ ಬಸ್ಸು ಹತ್ತಿ ಕೂತಳು.

"ಎಲ್ಲಿಗ್ರಿ?" ಹುಲಿಗೆಮ್ಮ ಬೇರೆಲ್ಲರನ್ನು ಕೇಳಿದ ಹಾಗೇ ಕೇಳಿದಳು.

"ದೇವದುರ್ಗ."

ಟಿಕೆಟ್ ಹರಿದು ಕೊಟ್ಟು ಮುಂದೆ ಹೋದಳು. ಬಸ್ಸು ಊರು ದಾಟಿ, ಟಿಕೆಟ್ಟುಗಳೆಲ್ಲ ಮುಗಿದ ಮೇಲೆ ಬಂದು ಕಂಬ ಹಿಡಿದು ನಿಂತಳು. ಕೂಡಲಿಲ್ಲ.

"ಭೂಮಿಕಾನ ಕರಕೊಂಡು ಬರ್ರಿ," ಎಂದಳು ಶೈಲಶ್ರೀ. "ನನಗ ಫೀಸು ಬ್ಯಾಡ. ಡಾಕ್ಟರ ಹಂತೇಕ ನಾನ ಕರಕೊಂಡು ಹೋಗ್ತೀನಿ. ಶಾಲಿ ಬಿಡಿಸಬ್ಯಾಡ್ರಿ."

"ಫೀಸಿನ ಮಾತು ಯಾಕ್ರಿ? ನಾ ಯಾವತ್ತಾರ ಬಾಕಿ ಇಟ್ಟೀನೇನು?"

"ಇಲ್ರೀ."

"ನೀರು ಕೇಳಬ್ಯಾಡ ಅಂತ ನಾನ ಹೇಳಿ ಕಳಿಸಿದ್ನಿ ಅಕಿಗೆ." ಹುಲಿಗೆಮ್ಮ ಕಿಟಕಿಯಾಚೆ ನೋಡುತ್ತ ಹೇಳಿದಳು. "ಕೇಳಿದ್ರ ಬಿಡಿಸ್ತಾರ, ಬಿಡಿಸಿದ್ರ ನಿನ್ನ ಎಲ್ಲಿ ಇಡ್ಲೇ ಅಂತ. ಅದು ಹೇಳಿದಂಗ ಕೇಳೋ ಕೂಸು. ಕೇಳ್ತು." ಶೈಲಶ್ರೀಯ ಕಡೆ ತಿರುಗಿದಳು. "ಒಂದು ಮಾತು ಕೇಳ್ತೀನ್ರೀ ಟೀಚರ್. ಅಕಿನ್ನ ಕರಕೊಂಡು ಬರ್ತೀನಿ. ನಾಳಿ ಎಲ್ಲಾರಂಗ ಅಕಿನೂ ನಿಮ್ಮ ಹರವ್ಯಾಗ ಲೋಟ ಅದ್ದತಾಳ. ಆ ಮಾನ್ವಿ ಟೀಚರ್ ಬಾಗಲದಾಗ ನಿಂತಿರ್ತಾರ. ಅದ್ದಲಿ ಬಿಡ್ರಿ ಅಂತ ಅವರ ಎದುರಿಗೆ ನೀವು ಅಂತೀರೇನು?"

ಅಂತೀನಿ ಎನ್ನಲು ಶೈಲಶ್ರೀ ಬಾಯಿ ತೆರೆದಳು. ಗಿರಣಿ ಬಂದ್ ಆಗಿ ವಾರವಾಗಿತ್ತು. ಗೇಟಿನೊಳಗೆ ಗಾಡಿಯವರ ಮಕ್ಕಳ ಆ ಏಳು ಜೊತೆ ಚಪ್ಪಲಿಗಳು ಕಣ್ಣಿಗೆ ಕಟ್ಟಿದವು.

ಹುಲಿಗೆಮ್ಮ ಕಾದಳು. ಅವಸರ ಮಾಡಲಿಲ್ಲ.

"ಕಂಡಕ್ಟ್ರೇ, ಗಬ್ಬೂರು ಬಂತು, ನಿಲ್ಲಸ್ರಿ!" ಹಿಂದಿನಿಂದ ಯಾರೋ ಕೂಗಿದರು.

ಹುಲಿಗೆಮ್ಮ ಸೀಟಿ ಊದಿ ಬಾಗಿಲ ಕಡೆ ಹೋದಳು. ಆಮೇಲೆ ಹೊಸದಾಗಿ ಹತ್ತಿದವರ ಟಿಕೆಟ್ಟು, ಚಿಲ್ಲರೆಗೆ ತಕರಾರು, ಮುದುಕಿಯೊಬ್ಬಳಿಗೆ ಸೀಟು. ಮತ್ತೆ ಆ ಕಂಬದ ಹತ್ತಿರ ಬರಲಿಲ್ಲ.

ದೇವದುರ್ಗದಲ್ಲಿ ಎಲ್ಲರ ಕೊನೆಗೆ ಶೈಲಶ್ರೀ ಇಳಿದಳು. ಅರಕೇರಾದ ಕಡೆ ಹೋಗುವ ಟಂಟಂ ಆಟೋ ಅಲ್ಲೇ ನಿಂತಿತ್ತು, "ಬರ್ರಿ ಅಕ್ಕಾರ, ಒಂದ ಸೀಟು ಅದ" ಎಂದು ಕರೆದ ಅದರ ಡ್ರೈವರ್. ಅವಳು ತಲೆಯಲ್ಲಾಡಿಸಿದಳು. ನಾಲ್ಕಕ್ಕೆ ಮಕ್ಕಳು ಬರುತ್ತಾರೆ, ಹಾಲು ಕಾಸಬೇಕು. ರಾಯಚೂರಿಗೆ ಹೋಗುವ ಬಸ್ಸು ಯಾವ ಕಡೆ ನಿಲ್ಲುತ್ತದೆ ಎಂದು ಅವನನ್ನೇ ಕೇಳಿದಳು.