ನಿಂತ ಗಾಡಿಯ ಕಿಲೋಮೀಟರು

ದೆವ್ವ ಭೂತ ಅಂದರೆ ನಗುತ್ತಿದ್ದ ಮನುಷ್ಯ ನಾನು. ಈಗಲೂ ದೆವ್ವ ಕಂಡೆ ಎಂದು ಹೇಳಲು ಕೂತಿಲ್ಲ. ಗದಗಿನಲ್ಲಿ ಮೂವತ್ತು ವರ್ಷ ಗಾಡಿಗಳ ಕಾಗದಪತ್ರ ಮಾಡಿಸಿಕೊಡುವ ಏಜೆಂಟನಾಗಿ ಹೊಟ್ಟೆ ಹೊರೆದವನು. ಹೆಸರು ಬದಲಾವಣೆ, ಟ್ಯಾಕ್ಸು, ಗಾಡಿ ಓಡಲು ಯೋಗ್ಯವೆಂದು ಸರಕಾರ ಕೊಡುವ ಪಾಸಿಂಗು ಎಲ್ಲ ನನ್ನ ಕೈಮೇಲೆಯೇ ಹಾದು ಹೋಗುತ್ತಿದ್ದವು. ಮನುಷ್ಯ ಸುಳ್ಳು ಹೇಳಬಹುದು, ಗಾಡಿಯ ಕಾಗದ ಹೇಳುವುದಿಲ್ಲ ಎಂಬುದು ನನ್ನ ನಂಬಿಕೆ. ಆ ನಂಬಿಕೆಯೇ ನನ್ನನ್ನು ಈ ಫಜೀತಿಗೆ ತಂದಿದೆ. ಓದಿ ನೀವು ನಕ್ಕರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಶಿರಹಟ್ಟಿಯಲ್ಲಿ ನನ್ನ ಅಕ್ಕನ ಮನೆ. ಭಾವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ, ಗುರುವಾರ, ಶನಿವಾರ ಗದಗಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಹೋಗುವಾಗ ಬಸ್ಸು ಹೇಗೋ ನಡೆಯುತ್ತಿತ್ತು. ಬರುವಾಗ ಅವರಿಗೆ ಕೂತಿರಲೂ ಆಗುತ್ತಿರಲಿಲ್ಲ. ಒಂದು ದಿನ ಸೀಟು ಸಿಗದೆ ನಿಂತೇ ಬಂದು, ಇಳಿಯುವಾಗ ಬಿದ್ದರು. ಇನ್ನು ದವಾಖಾನೆಗೇ ಹೋಗುವುದಿಲ್ಲ ಎಂದು ಅಂದಿನಿಂದ ಹಟ ಹಿಡಿದರು. ಬಿಟ್ಟರೆ ಹದಿನೈದು ದಿನ ಉಳಿಯುವುದೂ ಕಷ್ಟವೆಂದು ಡಾಕ್ಟರು ಹೇಳಿದ್ದರು. ಅಕ್ಕ ಅಳುತ್ತ ಕೂರುವ ಪೈಕಿ ಅಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ಸೆರಗು ಸಿಕ್ಕಿಸಿ ಡ್ರೈವಿಂಗ್ ಕಲಿತಳು. ಭಾವ ಮಲಗಿಕೊಂಡು ಬರುವಂಥ ಒಂದು ಹಳೆಯ ವ್ಯಾನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಹೊಂಬಳದಲ್ಲಿ ಒಂದು ಸಿಕ್ಕಿತು. ಮೊದಲು ಬಾಡಿಗೆ ಓಡಿದ ಗಾಡಿಯಾದ್ದರಿಂದ ವರ್ಷ ವರ್ಷ ಪಾಸಿಂಗ್ ಆದ ಕಾಗದಗಳಿದ್ದವು. ಅದನ್ನು ಓಡಿಸುತ್ತಿದ್ದ ಈರಪ್ಪ ಎಂಬ ಡ್ರೈವರ್ ತೀರಿಕೊಂಡಿದ್ದ. ಮಾರುತ್ತಿದ್ದವನು ಅವನ ಮಗ ಬಸವರಾಜ. ಊರಲ್ಲಿ ಯಾರಿಗೆ ಬೇನೆ ಬಂದರೂ ಈರಪ್ಪ ಊಟ ಬಿಟ್ಟು ಎದ್ದು ಗದಗಿನ ದವಾಖಾನೆಗೆ ಒಯ್ಯುತ್ತಿದ್ದನಂತೆ. ಪಾಸಿಂಗಿಗೆ ಮೊದಲು ಬೆಟಗೇರಿಯ ಒಂದೇ ಗ್ಯಾರೇಜಿನಲ್ಲಿ ಗಾಡಿ ತೋರಿಸುತ್ತಿದ್ದ. ಬ್ರೇಕು, ಲೈಟು, ಓಡಿದ ಕಿಲೋಮೀಟರು ಬರೆದ ಮೇಸ್ತ್ರಿಯ ಚೀಟಿಯನ್ನು ಪ್ರತಿ ಕಾಗದಕ್ಕೂ ಟಾಚಣಿಯಿಂದ ಚುಚ್ಚಿಟ್ಟಿದ್ದ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ನಾನು ಒಂದೊಂದೇ ಚೀಟಿ ಹಿಡಿದು ಕೂತೆ. ಈರಪ್ಪ ಸತ್ತ ಮೇಲೆ ಎರಡು ವರ್ಷ ಪಾಸಿಂಗ್ ಇರಲಿಲ್ಲ. ಮಾರುವುದಕ್ಕೆಂದು ಮಗ ಮತ್ತೆ ಮಾಡಿಸಿದ್ದ. ಆದರೆ ನಿಂತೇ ಇತ್ತು ಎಂದು ಅವನು ಹೇಳಿದ್ದ ಗಾಡಿ, ಈರಪ್ಪನ ಕೊನೆಯ ಚೀಟಿಗೂ ಈ ಹೊಸ ಚೀಟಿಗೂ ನಡುವೆ ಸಾವಿರಾರು ಕಿಲೋಮೀಟರು ಓಡಿತ್ತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡು ಬಸವರಾಜನನ್ನು ತರಾಟೆಗೆ ತೆಗೆದುಕೊಂಡೆ.

"ಇಲ್ರಿ ಸರ. ನಾಕೂ ಗಾಲಿ ಬಿಚ್ಚಿ ಕಲ್ಲಿನ ಮ್ಯಾಲ ನಿಂದರಿಸಿದ್ದೆ. ಓಣ್ಯಾಗ ಯಾರನ್ನರ ಕೇಳ್ರಿ" ಎಂದ.

ಕೇಳಿದೆ. ಎಲ್ಲರೂ ಅದನ್ನೇ ಹೇಳಿದರು. ಓಣಿಯೆಲ್ಲ ಇವನ ಬೀಗರೇ ಇರಬೇಕು ಎಂದು ಮನಸ್ಸಿನಲ್ಲೇ ನಕ್ಕೆ. ಮೇಸ್ತ್ರಿಯನ್ನು ಕೂರಿಸಿಕೊಂಡು ಮಲ್ಲಸಮುದ್ರದವರೆಗೆ ಓಡಿಸಿ ನೋಡಿದರೆ ಮೀಟರಿನಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಬರೆಯುವಾಗ ಯಾರದೋ ಕೈ ತಪ್ಪಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಲ್ಲಿ ಭಾವನ ಜೀವ ತೂಗಾಡುತ್ತಿತ್ತು, ಇಲ್ಲಿ ಎಂಜಿನ್ನು, ಬ್ರೇಕು ಗಟ್ಟಿಯಾಗಿದ್ದವು.

ಗಾಡಿ ಒಪ್ಪಿಸುವ ದಿನ ಬಸವರಾಜ ಸೀಟಿನ ಕೆಳಗಿದ್ದ ಹಗ್ಗದ ಸುರುಳಿ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. ಗಾಡಿ ಕೆಟ್ಟರೆ ಎಳೆಯಲು ಅವನಪ್ಪ ಇಟ್ಟುಕೊಂಡಿದ್ದ ಹಗ್ಗ ಅದು. ಕರಾರು ಪತ್ರದಲ್ಲಿ ಸ್ಟೆಪ್ನಿ, ಜ್ಯಾಕ್, ಪಾನಾ, ಹಗ್ಗ ಎಂದು ನಾನೇ ಬರೆದಿದ್ದೆ. ಹಗ್ಗ ಇಳಿಸು ಎಂದೆ.

"ದನಾ ಮಾರಿದ್ರ ಹಗ್ಗ ಕೊಡಂಗಿಲ್ರಿ ಸರ. ಕೊಟ್ರ ಮನ್ಯಾಗ ಇದ್ದದ್ದು ಅದರ ಬೆನ್ನು ಹತ್ತಿ ಹೋಗ್ತೈತಿ."

ಇದು ದನ ಅಲ್ಲಪ್ಪ, ಗಾಡಿ ಎಂದೆ. ಪತ್ರದಲ್ಲಿ ಇದ್ದದ್ದು ಇರಲೇಬೇಕು ಎಂದೆ. ಒಂದು ಹಳೆಯ ಹಗ್ಗಕ್ಕಾಗಿ ಅಷ್ಟು ಜಿದ್ದು ಮಾಡಬಾರದಿತ್ತು ಎಂದು ಈಗ ಅನಿಸುತ್ತದೆ. ಅವನು ಸುರುಳಿಯನ್ನು ಕಣ್ಣಿಗೊತ್ತಿಕೊಂಡು ಮತ್ತೆ ಸೀಟಿನ ಕೆಳಗೆ ಇಟ್ಟ.

ಎರಡೂವರೆ ವರ್ಷ ಆ ಗಾಡಿ ಒಂದು ದಿನವೂ ದಾರಿಯಲ್ಲಿ ನಿಲ್ಲಲಿಲ್ಲ. ಅಕ್ಕ ಓಡಿಸುತ್ತಿದ್ದಳು, ಭಾವ ಹಿಂದಿನ ಸೀಟಿನ ಮೇಲೆ ಮಲಗಿರುತ್ತಿದ್ದರು. ಈ ಗಾಡಿಗೆ ದವಾಖಾನಿ ದಾರಿ ನಿಮ್ಮಕ್ಕಗಿಂತ ಚೊಲೋ ಗೊತ್ತೈತಿ ಎಂದು ಒಮ್ಮೆ ನನ್ನೆದುರು ಚೇಷ್ಟೆ ಮಾಡಿದ್ದರು. ಕಳೆದ ವರ್ಷ ಒಂದು ಬೆಳಿಗ್ಗೆ ಮನೆಯಲ್ಲೇ ತೀರಿಕೊಂಡರು. ದಿನಕರ್ಮ ಮುಗಿದ ಮರುದಿನ ನಾನು ವ್ಯಾನಿನ ಬ್ಯಾಟರಿ ಬಿಚ್ಚಿ, ಕೀಲಿಕೈಯನ್ನು ಗದಗಿಗೆ ಒಯ್ದೆ. ಅದು ಓಡಾಡುವುದು ಅಕ್ಕನ ಕಣ್ಣಿಗೆ ಬೀಳುವುದು ಬೇಡವೆಂದು ನನಗೆ ಅನಿಸಿತ್ತು. ಹಳೆಯ ಚಟ, ಆ ದಿನದ ಕಿಲೋಮೀಟರು ಒಂದು ಚೀಟಿಯಲ್ಲಿ ಬರೆದು ಕಾಗದಗಳ ಜೊತೆ ಇಟ್ಟೆ.

ಐದು ತಿಂಗಳ ನಂತರ ಮುಂಡರಗಿಯವರೊಬ್ಬರು ಗಾಡಿ ಕೇಳಿದರು. ಕಾಗದ ಸರಿಮಾಡಲು ಒಂದು ಸೋಮವಾರ ಮಧ್ಯಾಹ್ನ ಶಿರಹಟ್ಟಿಗೆ ಹೋದೆ. ಸೀಟಿನಲ್ಲಿ ಕೂತು, ಧೂಳು ಒರೆಸಿ, ಮೀಟರು ನೋಡಿದೆ. ಅದು ಅಂಕಿಗಳು ಉರುಳುವ ಹಳೆಯ ಮೀಟರು, ಬ್ಯಾಟರಿ ಇಲ್ಲದಿದ್ದರೂ ಓದಬಹುದು. ನನ್ನ ಚೀಟಿಗೂ ಅದಕ್ಕೂ ಸಾವಿರಾರು ಕಿಲೋಮೀಟರು ವ್ಯತ್ಯಾಸ. ಅಕ್ಕನ ಮನೆಯಿಂದ ದವಾಖಾನೆಗೆ ಹೋಗಿಬರುವ ದೂರ ನನಗೆ ಬಾಯಿಪಾಠವಾಗಿತ್ತು. ಅದರಿಂದ ಭಾಗಿಸಿ ಎಷ್ಟು ಸಲ ಹೋಗಿಬಂದಂತಾಯಿತೆಂದು ಲೆಕ್ಕ ತೆಗೆದೆ. ಚೀಟಿ ಬರೆದಂದಿನಿಂದ ಬಂದ ಮಂಗಳವಾರ, ಗುರುವಾರ, ಶನಿವಾರಗಳನ್ನೆಲ್ಲ ಕ್ಯಾಲೆಂಡರಿನಲ್ಲಿ ಎಣಿಸಿದೆ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಬಸವರಾಜನನ್ನು ಕಳ್ಳನೆಂದದ್ದು ನೆನಪಾಯಿತು.

ಅಕ್ಕನಿಗೆ ಏನೂ ಹೇಳದೆ ಅಲ್ಲೇ ಉಳಿದೆ. ಮಂಗಳವಾರ ಬೆಳಿಗ್ಗೆ ಮೀಟರು ಬರೆದುಕೊಂಡು, ಎದುರಿನ ಕಟ್ಟೆಯ ಮೇಲೆ ಕೂತೆ. ಊಟವನ್ನೂ ಅಲ್ಲೇ ತರಿಸಿಕೊಂಡೆ. ಮುಂದಿನ ಗಾಲಿಗೂ ನೆಲಕ್ಕೂ ನಡುವೆ ಜೇಡ ಬಲೆ ಕಟ್ಟಿತ್ತು. ನಾಲ್ಕು ಗಂಟೆಯವರೆಗೆ ಗಾಡಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಬಲೆ ಹರಿಯಲಿಲ್ಲ. ನನ್ನ ಹುಚ್ಚಿಗೆ ನಾನೇ ನಗುತ್ತ ಎದ್ದು ಹೋಗಿ ಬಾಗಿಲು ತೆಗೆದೆ. ಮೀಟರು ಗದಗಿಗೆ ಹೋಗಿ ಬಂದಿತ್ತು.

ಆ ಅಂಕಿಯನ್ನೂ ಚೀಟಿಯಲ್ಲಿ ಬರೆದೆ. ಅಕ್ಕ ಚಹಾ ಹಿಡಿದು ಹೊರಗೆ ಬಂದಳು. ನನ್ನ ಕೈಯಲ್ಲಿದ್ದ ಚೀಟಿ ನೋಡಿದಳು.

"ಮಾರೂದು ಬ್ಯಾಡ ತಮ್ಮಾ" ಎಂದಳು. "ಹಿಂದಿನ ಟಾಯರಿಗೆ ಅಷ್ಟ ಹವಾ ಹಾಕಿಸಿ ಹೋಗು. ಬರೂಮುಂದ ಗಾಡಿ ಒಂದ ಕಡೆ ವಾಲತೈತಿ, ಅವರಿಗೆ ಮಲಗಾಕ ಆಗಂಗಿಲ್ಲ."

ನಾನು ಚಹಾ ಕುಡಿದು ಪಂಕ್ಚರ್ ಅಂಗಡಿಯಿಂದ ಪಂಪು ತಂದೆ. ಮುಂಡರಗಿಯವರಿಗೆ ಗಾಡಿ ಕೊಡುವುದಿಲ್ಲವೆಂದು ಫೋನಿನಲ್ಲಿ ತಿಳಿಸಿದೆ. ಹಗ್ಗ ಸೀಟಿನ ಕೆಳಗೇ ಇದೆ. ಹೊಂಬಳಕ್ಕೆ ಹೋಗಿ ಬಸವರಾಜನಿಗೆ ಕೊಟ್ಟುಬರೋಣವೆಂದು ಎರಡು ಸಲ ಕೈ ಹಾಕಿದ್ದೆ. ಕೊಟ್ಟರೆ ಅಕ್ಕನ ಮನೆಯಿಂದ ಏನು ಹೋಗುತ್ತದೋ ಎಂಬ ಅಂಜಿಕೆಗೆ ತೆಗೆಯಲಿಲ್ಲ. ಬರುವ ತಿಂಗಳು ಪಾಸಿಂಗಿನ ಅವಧಿ ಮುಗಿಯುತ್ತದೆ. ಅರ್ಜಿ, ಚೀಟಿ ಎಲ್ಲ ತುಂಬಿಟ್ಟಿದ್ದೇನೆ. ಓಡಿದ ಕಿಲೋಮೀಟರು ಎಂಬಲ್ಲಿ ಮಾತ್ರ ಇನ್ನೂ ಏನೂ ಬರೆದಿಲ್ಲ.